ಹಾಡು ಮೊದಲಾ, ಸಿನಿಮಾ ಮೊದಲಾ? ಮಾಳಿಗೆ ಮೇಲೆ ಐರಿಶ್ ಹಾಡು ಕೇಳುವ ಬಗೆ

ಬಳ್ಳಾರಿಯಲ್ಲಿ ಏಪ್ರಿಲ್ ಬಂತು ಅಂದ್ರೆ ರಾತ್ರಿ ಒಂಬತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಒಳಗೆ ಫ್ಯಾನ್ ಹಾಕಿದರೆ ಬಿಸಿಗಾಳಿ. ಹಾಗಾಗಿ ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಯ್ದು, ಚಾಪೆ ಹಾಸಿ, ಎರಡು ಕಂಬದ ನಡುವೆ ಬಿಳಿ ಪಂಚೆ ಕಟ್ಟಿ ಸಿನಿಮಾ ನೋಡೋದು ನಮ್ಮ ಐದಾರು ಜನರ ಬೇಸಿಗೆ ರೂಢಿ. ಹಿಂದೆ ಕೋಟೆ ಗುಡ್ಡ, ಮುಂದೆ ಪಂಚೆ. ಹೋದ ಎರಡು ಬೇಸಿಗೆ ನೋಡಿದ್ದು ಬಹುಪಾಲು ಐರಿಶ್ ಹಾಡುಗಾರರ ಹಾಡಿರುವ ಸಿನಿಮಾಗಳನ್ನೇ. ಯಾಕೆ ಐರ್ಲೆಂಡು ಅಂದ್ರೆ ದೊಡ್ಡ ಕಾರಣ ಏನಿಲ್ಲ. ಒಂದು ನೋಡಿದೆವು, ಹಿಡಿಸಿತು, ಬಿಡಲಿಲ್ಲ. ನಿಮಗೂ ಶುರು ಮಾಡಬೇಕು ಅನ್ನಿಸಿದರೆ ಹೇಗೆ ಶುರು ಮಾಡಬೇಕು, ಎಲ್ಲಿ ಕಿವಿ ಕೊಡಬೇಕು, ಏನು ಎಡವಟ್ಟು ಮಾಡಬಾರದು ಅಂತ ಇಲ್ಲಿ ಹೇಳ್ತೀನಿ.

ಮೊದಲು ತಲೆಯಲ್ಲಿ ಒಂದು ವಿಷಯ ಸರಿ ಮಾಡ್ಕೊಳ್ಳಿ. ನಮ್ಮ ಸಿನಿಮಾದಲ್ಲಿ ಹಾಡು ಹುಟ್ಟೋದೇ ಸಿನಿಮಾಕ್ಕಾಗಿ. ಒಬ್ಬರು ಬರೀತಾರೆ, ಇನ್ನೊಬ್ಬರು ರಾಗ ಹಾಕ್ತಾರೆ, ಮತ್ತೊಬ್ಬರು ಹಾಡ್ತಾರೆ, ತೆರೆ ಮೇಲೆ ಹೀರೊ ಬಾಯಿ ಆಡಿಸ್ತಾನೆ. ಐರಿಶ್ ಹಾಡುಗಾರರದ್ದು ಸಾಮಾನ್ಯವಾಗಿ ಹಾಗಲ್ಲ. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಗಿಟಾರ್ ಹಿಡಿದು ಹಾಡೋ ಜನ ಇವರು. ಎಷ್ಟೋ ಸಲ ಹಾಡು ಮೊದಲೇ ಹುಟ್ಟಿ, ಪಬ್ಬಲ್ಲೋ ರಸ್ತೆಯಲ್ಲೋ ನಾಲ್ಕು ಜನರ ಕಿವಿಗೆ ಬಿದ್ದು, ಆಲ್ಬಂ ಆಗಿ, ಆಮೇಲೆ ಯಾವುದೋ ನಿರ್ದೇಶಕ ಬಂದು ಎರವಲು ತಗೊಂಡಿರ್ತಾನೆ. ಹಾಗಾಗಿ ಪ್ರತಿ ಹಾಡಿಗೂ ನೀವು ಕೇಳಬೇಕಾದ ಪ್ರಶ್ನೆ ಒಂದೇ. ಹಾಡು ಮೊದಲಾ, ಸಿನಿಮಾ ಮೊದಲಾ?

ಇದು ನಮಗೆ ಹೊಸದೇನಲ್ಲ ಅನ್ನೋದು ನನಗೆ ಹೊಳೆದದ್ದು ರಾಯಚೂರು ಜಿಲ್ಲೆ ಮಾನ್ವಿಯಲ್ಲಿ. ಅಲ್ಲಿ ನಮ್ಮತ್ತೆ ಇದ್ದಾರೆ, ಬೆಳಗಾದರೆ ದಾಸರ ಪದ. ನನ್ನ ಫೋನಲ್ಲಿ ಒಂದು ಐರಿಶ್ ಹಾಡು ಪೂರ್ತಿ ಕೇಳಿ ಮುಗಿಸಿ, 'ಇದರಾಗ ಅಂಕಿತ ಎಲ್ಲದಪ್ಪಾ?' ಅಂದರು. ನಕ್ಕೆ, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು, ಇವರೆಲ್ಲ ತಾವೇ ಕಟ್ಟಿ ತಾವೇ ಹಾಡಿದವರಲ್ವಾ? ಕೊನೆ ನುಡಿಯಲ್ಲಿ ವಿಜಯವಿಠಲ ಅಂತಲೋ ಜಗನ್ನಾಥವಿಠಲ ಅಂತಲೋ ಬಂದರೆ ಹಾಡು ಯಾರದ್ದು ಅನ್ನೋ ಗೊಂದಲವೇ ಇಲ್ಲ. ಐರಿಶ್ ಹಾಡಿನೊಳಗೆ ಅಂಕಿತ ಇರಲ್ಲ. ಅದನ್ನು ಸಿನಿಮಾ ಕೊನೆಯಲ್ಲಿ ಹತ್ತಿ ಹೋಗುವ ಹೆಸರುಗಳ ಪಟ್ಟಿಯಲ್ಲಿ ಹುಡುಕಬೇಕು. ಆ ಕೆಲಸ ಆಮೇಲೆ ಹೇಳ್ತೀನಿ.

ಶುರು ಮಾಡೋಕೆ 'ಒನ್ಸ್' ಬಿಟ್ಟು ಬೇರೆ ಬೇಡ. 2007ರಲ್ಲಿ ತೆರೆಗೆ ಬಂದ ಸಿನಿಮಾ, ನಿರ್ದೇಶಕ ಜಾನ್ ಕಾರ್ನಿ. ಡಬ್ಲಿನ್ ಊರಲ್ಲಿ 17 ದಿನದಲ್ಲಿ ತೆಗೆದದ್ದು, ಖರ್ಚು ಒಂದೂವರೆ ಲಕ್ಷ ಯೂರೋಗೂ ಕಡಿಮೆ. ಹೀರೊ ಗ್ಲೆನ್ ಹ್ಯಾನ್ಸರ್ಡ್ ನಟ ಅಲ್ಲ, ಹಾಡುಗಾರ. ಹದಿಮೂರನೇ ವಯಸ್ಸಿಗೆ ಶಾಲೆ ಬಿಟ್ಟು ಡಬ್ಲಿನ್ ರಸ್ತೆಗಳಲ್ಲಿ ಹಾಡೋಕೆ ನಿಂತವನು, ಆಮೇಲೆ 'ದಿ ಫ್ರೇಮ್ಸ್' ಅನ್ನೋ ಬ್ಯಾಂಡ್ ಕಟ್ಟಿದ. ಮಜಾ ಅಂದ್ರೆ ನಿರ್ದೇಶಕ ಕಾರ್ನಿಯೇ ಆ ಬ್ಯಾಂಡಲ್ಲಿ ಮೊದಮೊದಲು ಬೇಸ್ ಗಿಟಾರ್ ನುಡಿಸ್ತಿದ್ದ. ನಾಯಕಿ ಮಾರ್ಕೇಟಾ ಇರ್ಗ್ಲೋವಾ ಚೆಕ್ ದೇಶದವಳು, ಅವಳೂ ಹಾಡು ಕಟ್ಟುವವಳೇ. ಸಿನಿಮಾದಲ್ಲಿ ಇಬ್ಬರಿಗೂ ಹೆಸರೇ ಇಲ್ಲ, ಅವನು ಹುಡುಗ, ಇವಳು ಹುಡುಗಿ, ಅಷ್ಟೇ.

ನೋಡುವಾಗ ಈ ಮೂರು ಜಾಗದಲ್ಲಿ ಫೋನ್ ಕೆಳಗಿಡಿ.

ಒಂದು, ಶುರುವಿನಲ್ಲೇ. ಗ್ರಾಫ್ಟನ್ ಸ್ಟ್ರೀಟ್ ಅನ್ನೋ ಅಂಗಡಿ ಬೀದಿಯಲ್ಲಿ ಹಗಲು ಹೊತ್ತು ಅವನು ಹಾಡ್ತಿರೋದು ತನ್ನ ಹಾಡಲ್ಲ, ವ್ಯಾನ್ ಮಾರಿಸನ್ ಅನ್ನೋ ಹೆಸರಾಂತ ಹಾಡುಗಾರನ ಹಾಡು. ರಾತ್ರಿ ಬೀದಿ ಖಾಲಿಯಾದ ಮೇಲೆ ತನ್ನದನ್ನು ಹಾಡ್ತಾನೆ. ಹುಡುಗಿ ಯಾಕೆ ಹೀಗೆ ಅಂತ ಕೇಳಿದರೆ, ಹಗಲು ಜನಕ್ಕೆ ಗೊತ್ತಿರೋ ಹಾಡೇ ಬೇಕು, ಇಲ್ಲದಿದ್ದರೆ ದುಡ್ಡು ಬೀಳಲ್ಲ ಅಂತಾನೆ. ಇದು ನೋಡಿದಾಗ ನನಗೆ ನೆನಪಾಗಿದ್ದು ಕೊಪ್ಪಳದಿಂದ ಬಳ್ಳಾರಿಗೆ ಬರೋ ರೈಲು. ಒಬ್ಬ ಅಜ್ಜ ದಮ್ಮಡಿ ಹಿಡಿದು ಡಬ್ಬಿ ಡಬ್ಬಿ ತಿರುಗ್ತಾ ಹಳೇ ರಾಜಕುಮಾರ್ ಹಾಡು ಹೇಳ್ತಿದ್ದ. ತೋರಣಗಲ್ಲಲ್ಲಿ ಜನ ಇಳಿದು ಡಬ್ಬಿ ಖಾಲಿಯಾಯಿತು. ಅಜ್ಜ ಬಾಗಿಲ ಹತ್ತಿರ ಕೂತು ಚಿಲ್ಲರೆ ಎಣಿಸ್ತಾ, ನಾನು ಕೇಳೇ ಇರದ ಒಂದು ಪದ ಸಣ್ಣಗೆ ಹೇಳ್ಕೊಳ್ತಿದ್ದ. ಯಾರದು ಅಜ್ಜಾ ಇದು ಅಂದೆ. 'ನಂದೇರಿ' ಅಂದ, ಎಣಿಸೋದು ನಿಲ್ಲಿಸಲಿಲ್ಲ.

ಇನ್ನು ಆ ಬೀದಿ ದೃಶ್ಯದಲ್ಲಿ ಹೋಗಿ ಬರೋ ಜನರನ್ನು ಗಮನಿಸಿ. ದೂರದಿಂದ ಉದ್ದ ಲೆನ್ಸ್ ಹಾಕಿ ತೆಗೆದಿದ್ದಾರೆ, ಸುತ್ತ ಇರುವವರಲ್ಲಿ ಎಷ್ಟೋ ಜನಕ್ಕೆ ಶೂಟಿಂಗ್ ಅನ್ನೋದೇ ಗೊತ್ತಿಲ್ಲ. ಯಾರೂ ತಿರುಗಿ ನೋಡಲ್ಲ, ಯಾಕಂದ್ರೆ ರಸ್ತೆಯಲ್ಲಿ ಹಾಡೋನನ್ನು ಯಾರು ತಾನೇ ತಿರುಗಿ ನೋಡ್ತಾರೆ.

ಎರಡು, ಪಿಯಾನೊ ಅಂಗಡಿ. ಅವಳ ಹತ್ತಿರ ಪಿಯಾನೊ ಇಲ್ಲ. ಊಟದ ಹೊತ್ತಲ್ಲಿ ಅಂಗಡಿಯವನು ಒಂದು ಗಂಟೆ ನುಡಿಸೋಕೆ ಬಿಡ್ತಾನೆ. ಅಲ್ಲಿ ಅವನು ಅವಳಿಗೆ 'ಫಾಲಿಂಗ್ ಸ್ಲೋಲಿ' ಹೇಳಿಕೊಡ್ತಾನೆ. ಮೊದಲು ಅವನ ಗಿಟಾರ್ ಮಾತ್ರ. ಅವಳು ಅಳುಕುತ್ತಾ ಒಂದೊಂದೇ ಮಣೆ ಒತ್ತುತ್ತಾಳೆ. ಆಮೇಲೆ ಅವನ ದನಿಯ ಮೇಲೆ ತನ್ನ ದನಿ ಇಡ್ತಾಳೆ. ಹಾಡು ಮುಗಿಯುವಷ್ಟರಲ್ಲಿ ಇಬ್ಬರ ನಡುವೆ ಏನಾಯಿತು ಅಂತ ನಮಗೆ ಗೊತ್ತಾಗಿರುತ್ತೆ, ಒಂದು ಮಾತೂ ಆಡಿರಲ್ಲ. ಇಲ್ಲಿ ಕ್ಯಾಮೆರಾ ಹತ್ತಿರ ಹೋದಾಗ ಅವನ ಗಿಟಾರ್ ನೋಡಿ, ಉಗುರು ತಾಗಿ ತಾಗಿ ಕಟ್ಟಿಗೆ ಸವೆದು ತೂತಾಗಿದೆ. ಅದು ಸಿನಿಮಾಕ್ಕೆ ಮಾಡಿಸಿದ್ದಲ್ಲ, ಹ್ಯಾನ್ಸರ್ಡ್ ವರ್ಷಗಟ್ಟಲೆ ರಸ್ತೆಯಲ್ಲಿ, ವೇದಿಕೆಯಲ್ಲಿ ಬಾರಿಸಿದ ಗಿಟಾರು.

ಮೂರು, ಸೆಲ್ಲು. ಅವನು ಒಂದು ರಾಗ ಕೊಟ್ಟು ಇದಕ್ಕೆ ಮಾತು ಬರಿ ಅಂದಿರ್ತಾನೆ. ರಾತ್ರಿ ಕೇಳ್ತಾ ಕೂತಾಗ ಸಿಡಿ ಪ್ಲೇಯರಿನ ಸೆಲ್ ಖಾಲಿ. ಮಗಳ ಹುಂಡಿಯಿಂದ ಚಿಲ್ಲರೆ ತೆಗೆದು, ಮನೆ ಚಪ್ಪಲಿಯಲ್ಲೇ ಅಂಗಡಿಗೆ ಹೋಗಿ ಸೆಲ್ ತಂದು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ರಸ್ತೆಯಲ್ಲಿ ನಡೀತಾ ಆ ಮಾತುಗಳನ್ನು ಹಾಡ್ತಾಳೆ. ಕ್ಯಾಮೆರಾ ಕತ್ತರಿಸದೆ ಅವಳ ಜೊತೆಯೇ ಹಿಂದಕ್ಕೆ ಹಿಂದಕ್ಕೆ ಹೋಗುತ್ತೆ. ಹಾಡು ಕಟ್ಟೋದು ಅಂದ್ರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಮೂರು ನಿಮಿಷ ತೋರಿಸ್ತೀನಿ.

ಒಂದು ಮಾತು. ಈ ಸಿನಿಮಾದಲ್ಲಿ ಬೈಗುಳ ಧಾರಾಳ, ಡಬ್ಲಿನ್ ಮಾತು ಬೇರೆ ಗಟ್ಟಿ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಸಬ್‌ಟೈಟಲ್ ಹಾಕಿ. ನಾವು ಮೊದಲ ಸಲ ಜಂಬದಿಂದ ಹಾಕದೆ ಕೂತು ಅರ್ಧ ಮಾತು ಕಳಕೊಂಡೆವು. ಆದರೆ ಒಂದು ಕಡೆ ಸಬ್‌ಟೈಟಲ್ಲೂ ಸಹಾಯ ಮಾಡಲ್ಲ. ಬೇಕಂತಲೇ ಹಾಗೆ ಬಿಟ್ಟಿದ್ದಾರೆ. ಸಮುದ್ರದ ಹತ್ತಿರ ಅವನು, ಗಂಡನನ್ನು ಪ್ರೀತಿಸ್ತೀಯಾ ಅಂತ ಚೆಕ್ ಭಾಷೆಯಲ್ಲಿ ಕೇಳ್ತಾನೆ. ಅವಳು ಚೆಕ್ಕಲ್ಲೇ ಉತ್ತರ ಕೊಡ್ತಾಳೆ, 'ಮಿಲುಯು ತೆಬೆ'. ಅರ್ಥ ಹೇಳಲ್ಲ. ನಾನು ಹೇಳಿಬಿಡ್ತೀನಿ, ನಾನು ಪ್ರೀತಿಸೋದು ನಿನ್ನನ್ನ ಅಂತ. ಅವನಿಗೆ ಗೊತ್ತಾಗಲ್ಲ.

ಈಗ ಆ ಪ್ರಶ್ನೆಗೆ ಬರೋಣ, ಹಾಡು ಮೊದಲಾ ಸಿನಿಮಾ ಮೊದಲಾ. 'ಫಾಲಿಂಗ್ ಸ್ಲೋಲಿ'ಗೆ 2008ರ ಫೆಬ್ರುವರಿಯಲ್ಲಿ ಆಸ್ಕರ್ ಬಂತು. ಆದರೆ ಅದಕ್ಕೂ ಮುಂಚೆ ಜಗಳ ಎದ್ದಿತ್ತು. ಆಸ್ಕರ್ ನಿಯಮದ ಪ್ರಕಾರ ಹಾಡನ್ನು ಆ ಸಿನಿಮಾಕ್ಕಾಗಿಯೇ ಬರೆದಿರಬೇಕು. ಈ ಹಾಡು ನೋಡಿದರೆ 2006ರಲ್ಲೇ ಹ್ಯಾನ್ಸರ್ಡ್ ಮತ್ತು ಇರ್ಗ್ಲೋವಾ ಆಲ್ಬಮ್ಮಲ್ಲಿ ಬಂದಿತ್ತು, ಫ್ರೇಮ್ಸ್ ಆಲ್ಬಮ್ಮಲ್ಲೂ ಇತ್ತು, ಒಂದು ಚೆಕ್ ಸಿನಿಮಾದಲ್ಲೂ ಕೇಳಿಸಿತ್ತು. ಆಸ್ಕರ್ ಕೊಡೋ ಅಕಾಡೆಮಿ ವಿಚಾರಣೆ ಮಾಡಿ, ಹಾಡು ಬರೆದದ್ದು ಒನ್ಸ್‌ಗಾಗಿಯೇ, ಸಿನಿಮಾ ಕೆಲಸ ಎಳೆದದ್ದರಿಂದ ಹಾಡು ಮೊದಲು ಹೊರಬಿತ್ತು ಅಂತ ಒಪ್ಪಿತು. ಆ ರಾತ್ರಿ ಇರ್ಗ್ಲೋವಾಗೆ ಇಪ್ಪತ್ತು ತುಂಬೋಕೆ ನಾಲ್ಕು ದಿನ ಬಾಕಿ. ಹ್ಯಾನ್ಸರ್ಡ್ ಮಾತಾಡಿ ಮುಗಿಸಿ ಇವಳು ಮೈಕ್ ಹತ್ತಿರ ಬರೋದಕ್ಕೂ ವಾದ್ಯ ಶುರುವಾಗಿ ಕಳಿಸಿಬಿಟ್ಟರು. ಜಾಹೀರಾತು ಮುಗಿದ ಮೇಲೆ ನಿರೂಪಕ ಜಾನ್ ಸ್ಟುವರ್ಟ್ ಅವಳನ್ನು ಮತ್ತೆ ಕರೆದು ಮಾತಾಡಿಸಿದ. ಆ ತುಣುಕು ಹುಡುಕಿ ನೋಡಿ.

ಎರಡನೇ ರಾತ್ರಿಗೆ 'ಕ್ಲೋಸರ್' ಇಟ್ಕೊಳ್ಳಿ, 2004ರದ್ದು, ಮೈಕ್ ನಿಕೋಲ್ಸ್ ನಿರ್ದೇಶನ. ಇದು ಐರಿಶ್ ಸಿನಿಮಾ ಅಲ್ಲ, ಕತೆ ನಡೆಯೋದು ಲಂಡನ್ನಲ್ಲಿ. ಹಾಡು ಮಾತ್ರ ಐರ್ಲೆಂಡಿನ ಕಿಲ್ಡೇರ್ ಕಡೆಯ ಡೇಮಿಯನ್ ರೈಸ್‌ದು, 'ದಿ ಬ್ಲೋವರ್ಸ್ ಡಾಟರ್'. ಇಲ್ಲಿ ಉತ್ತರ ಸ್ಪಷ್ಟ, ಹಾಡೇ ಮೊದಲು. 2002ರ 'ಓ' ಅನ್ನೋ ಆಲ್ಬಮ್ಮಿನದು. ಆಲ್ಬಂ ಹೆಸರು ಬರೀ ಒಂದಕ್ಷರ. ಸಿನಿಮಾ ಶುರುವಾಗೋದು ಹೀಗೆ: ಗಿಜಿಗುಡೋ ಜನ, ನಿಧಾನ ಚಲನೆ, ಆ ಕಡೆಯಿಂದ ಅವಳು, ಈ ಕಡೆಯಿಂದ ಅವನು, ಇಬ್ಬರ ಕಣ್ಣೂ ಒಂದೇ ಕಡೆ. ಹಾಡು ಹೇಳೋದೂ ಅದನ್ನೇ, ನಿನ್ನಿಂದ ಕಣ್ಣು ಕೀಳೋಕಾಗ್ತಿಲ್ಲ ಅಂತ. ಕೊನೆಯಲ್ಲಿ ಅದೇ ಹಾಡು ಮತ್ತೆ ಬರುತ್ತೆ, ಆಗ ಅವಳೊಬ್ಬಳೇ ನ್ಯೂಯಾರ್ಕ್ ಬೀದಿಯಲ್ಲಿ ನಡೀತಿರ್ತಾಳೆ. ಅದೇ ಸಾಲು, ಅದೇ ದನಿ, ಆದರೆ ನಡುವೆ ನಡೆದ ಕತೆಯಿಂದ ಅರ್ಥವೇ ಬೇರೆ ಆಗಿದೆ. ನಿರ್ದೇಶಕ ಒಂದು ಹಳೇ ಹಾಡನ್ನು ಎರವಲು ತಂದು ಎರಡು ಸಲ ಖರ್ಚು ಮಾಡಿದ್ದಾನೆ. ಕೇಳುವಾಗ ಹಾಡಿನ ಕೊನೆಗೆ ಬರೋ ಹೆಣ್ಣುದನಿ ಬಿಡಬೇಡಿ, ಅದು ಲಿಸಾ ಹ್ಯಾನಿಗನ್. ಮತ್ತೆ ಇದನ್ನು ಅಪ್ಪ ಅಮ್ಮನ ಜೊತೆ ಕೂತು ನೋಡೋ ಸಾಹಸ ಬೇಡ. ನಾಲ್ಕು ಜನ, ಪ್ರೀತಿ, ಮೋಸ, ಮುಚ್ಚುಮರೆ ಇಲ್ಲದ ಮಾತು. ನಮ್ಮ ಮಾಳಿಗೆಗೆ ಅವತ್ತು ಪಕ್ಕದ ಮನೆ ಕಾಕಾ ಸುಮ್ನೆ ಗಾಳಿಗೆ ಅಂತ ಬಂದು ಹತ್ತು ನಿಮಿಷ ಕೂತು ಎದ್ದು ಹೋದರು. ಈಗಲೂ ಎದುರು ಸಿಕ್ಕರೆ ಆ ಕಡೆ ನೋಡ್ತಾರೆ.

ಮಕ್ಕಳಿದ್ದರೆ 'ಸಾಂಗ್ ಆಫ್ ದಿ ಸೀ' ಹಾಕಿ. 2014ರ ಅನಿಮೇಶನ್, ಕಿಲ್ಕೆನ್ನಿ ಊರಿನ ಕಾರ್ಟೂನ್ ಸಲೂನ್ ಮಾಡಿದ್ದು. ನೀರಲ್ಲಿ ಸೀಲ್ ಆಗಿ, ನೆಲದ ಮೇಲೆ ಮನುಷ್ಯಳಾಗಿ ಇರುವ ಹುಡುಗಿಯ ಕತೆ. ಇಲ್ಲಿ ತಾಯಿಯ ಪಾತ್ರಕ್ಕೆ ದನಿ ಕೊಟ್ಟು ಹಾಡಿದವಳು ಅದೇ ಲಿಸಾ ಹ್ಯಾನಿಗನ್. ಹಿಂದಿನ ರಾತ್ರಿ ಆ ದನಿ ಕೇಳಿದ್ದರೆ ತಾವಾಗಿಯೇ ಗುರುತು ಹಿಡೀತೀರಿ.

'ಬೆಲ್‌ಫಾಸ್ಟ್' 2021ರದ್ದು, ಕೆನೆತ್ ಬ್ರಾನಾ ತನ್ನ ಹುಡುಗತನದ ಊರಿನ ಮೇಲೆ ತೆಗೆದ ಕಪ್ಪು ಬಿಳುಪು ಸಿನಿಮಾ. ಕಾಲ 1969. ಹಾಡುಗಳೆಲ್ಲ ಹೆಚ್ಚುಕಡಿಮೆ ವ್ಯಾನ್ ಮಾರಿಸನ್‌ದು, ಅವನೂ ಅದೇ ಊರಿನವನು. ಇದು ನಮ್ಮ ಪ್ರಶ್ನೆಗೆ ಒಳ್ಳೇ ಅಭ್ಯಾಸ, ಯಾಕಂದ್ರೆ ಹಳೇ ಹಾಡುಗಳ ಮಧ್ಯೆ 'ಡೌನ್ ಟು ಜಾಯ್' ಒಂದೇ ಸಿನಿಮಾಕ್ಕಾಗಿ ಬಂದ ಹೊಸದು, ಅದಕ್ಕೇ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಊರು ಉತ್ತರ ಐರ್ಲೆಂಡಿನದು, ಅಂದ್ರೆ ಬ್ರಿಟನ್ ಆಡಳಿತದ ಭಾಗ. ಇಷ್ಟು ಗೊತ್ತಿಲ್ಲದಿದ್ದರೆ ಸಿನಿಮಾದಲ್ಲಿ ಯಾಕೆ ಬೀದಿಗೆ ಬೆಂಕಿ ಹಚ್ತಿದ್ದಾರೆ ಅಂತ ಅರ್ಥ ಆಗಲ್ಲ.

'ಲಾರ್ಡ್ ಆಫ್ ದಿ ರಿಂಗ್ಸ್' ಮೊದಲ ಭಾಗ ನೀವು ನೋಡೇ ಇರ್ತೀರಿ. ಕೊನೆಗೆ ಹೆಸರು ಬರುವಾಗ ಎದ್ದು ಹೋಗಿರ್ತೀರಿ, ಅಲ್ವಾ? 'ಮೇ ಇಟ್ ಬಿ' ಇರೋದೇ ಅಲ್ಲಿ. ಹಾಡಿದವಳು ಡೊನೆಗಾಲ್‌ನ ಗ್ವೀಡೋರ್ ಕಡೆಯ ಎನ್ಯಾ, ಮನೆಮಾತೇ ಐರಿಶ್ ಇರೋ ಸೀಮೆ ಅದು. ಹಾಡಲ್ಲಿ ಟೋಲ್ಕಿನ್ ಕಟ್ಟಿದ ಕ್ವೆನ್ಯಾ ಅನ್ನೋ ಕಲ್ಪನೆಯ ಭಾಷೆಯ ಮಾತೂ ಇದೆ. ಆದರೆ ಎನ್ಯಾಳ ಹಾಡಿನ ಮಾತು ಬರೆಯೋದು ರೋಮಾ ರಯಾನ್.

ಇದೇ ಕಾರಣಕ್ಕೆ ಹೆಸರಿನ ಪಟ್ಟಿ ಓದಿ ಅನ್ನೋದು. ಸಿನಿಮಾ ಮುಗೀತಿದ್ದ ಹಾಗೆ ಒಟಿಟಿಯವರು ತೆರೆ ಚಿಕ್ಕದು ಮಾಡಿ ಮುಂದಿನದಕ್ಕೆ ಓಡಿಸ್ತಾರೆ. ರಿಮೋಟ್ ಕೈಯಲ್ಲೇ ಇರಲಿ, ಆ ಚಿಕ್ಕ ಚೌಕ ಒತ್ತಿದರೆ ಪಟ್ಟಿ ದೊಡ್ಡದಾಗಿ ಬರುತ್ತೆ. ಹಾಡುಗಳ ಭಾಗ ತುಂಬಾ ಕೊನೆಗೆ ಇರುತ್ತೆ. ಪ್ರತಿ ಹಾಡಿನ ಕೆಳಗೆ 'ರಿಟನ್ ಬೈ' ಒಂದು ಸಾಲು, 'ಪರ್ಫಾರ್ಮ್ಡ್ ಬೈ' ಇನ್ನೊಂದು. ಎರಡರಲ್ಲೂ ಒಂದೇ ಹೆಸರಿದ್ದರೆ ತಾನೇ ಕಟ್ಟಿ ತಾನೇ ಹಾಡಿದ್ದು, ನಮ್ಮತ್ತೆ ಲೆಕ್ಕದಲ್ಲಿ ಅಂಕಿತ ಸಿಕ್ಕಿತು. ಬೇರೆ ಬೇರೆ ಇದ್ದರೆ ಹುಷಾರು. ಶಿನೇಡ್ ಓ'ಕಾನರ್ ಅಂದ್ರೆ ಎಲ್ಲರ ಬಾಯಲ್ಲೂ ಬರೋ 'ನಥಿಂಗ್ ಕಂಪೇರ್ಸ್ ಟು ಯು' ಅವಳು ಬರೆದದ್ದಲ್ಲ, ಅಮೆರಿಕದ ಪ್ರಿನ್ಸ್ ಬರೆದದ್ದು. 1993ರ 'ಇನ್ ದಿ ನೇಮ್ ಆಫ್ ದಿ ಫಾದರ್' ಸಿನಿಮಾಕ್ಕೆ ಅವಳು ಹಾಡಿದ ಹಾಡನ್ನೂ ಬೋನೊ, ಗ್ಯಾವಿನ್ ಫ್ರೈಡೆ, ಮಾರಿಸ್ ಸೀಜರ್ ಸೇರಿ ಬರೆದರು. ಇದರಿಂದ ಅವಳ ಹಾಡುಗಾರಿಕೆಗೆ ಏನೂ ಕಮ್ಮಿ ಆಗಲ್ಲ, ಇಂಥ ದನಿ ಮತ್ತೆ ಹುಟ್ಟಲ್ಲ ಅಂತ ನಾನು ಜಗಳಕ್ಕೂ ರೆಡಿ. 2023ರಲ್ಲಿ ತೀರಿಕೊಂಡಳು. ಅವತ್ತು ಸಿನಿಮಾ ಹಾಕಲಿಲ್ಲ, ಬರೀ ಅವಳ ಹಾಡು ಕೇಳಿದೆವು.

ಹಾಡು ಬರ್ತಿರುವಾಗಲೇ ಹೆಸರು ಬೇಕು ಅಂದ್ರೆ ಫೋನಲ್ಲಿ ಹಾಡು ಗುರುತಿಸೋ ಶಜಾಮ್ ಆ್ಯಪ್ ಒತ್ತಿ ಸ್ಪೀಕರ್ ಹತ್ತಿರ ಹಿಡಿಯಿರಿ. ಆದರೆ ನಟರೇ ಹಾಡಿರೋದು, ಮೇಲೆ ಮಾತು ಬಿದ್ದಿರೋದು ಇದ್ದರೆ ಅದು ತಪ್ಪುತ್ತೆ. ಹಾಂಗ್‌ಕಾಂಗಿನ 'ಚುಂಗ್‌ಕಿಂಗ್ ಎಕ್ಸ್‌ಪ್ರೆಸ್' ನೋಡುವಾಗ ನಮ್ಮಲ್ಲೊಬ್ಬ, ಈ ರಾಗ ಎಲ್ಲೋ ಕೇಳೀನಲ್ಲ ಅಂತ ತಲೆ ಕೆರಕೊಂಡ. ಲಿಮರಿಕ್ ಊರಿನ ಕ್ರ್ಯಾನ್‌ಬೆರೀಸ್ ಅವರ 'ಡ್ರೀಮ್ಸ್' ಅದು, ಫೇ ವಾಂಗ್ ಕ್ಯಾಂಟನೀಸ್ ಭಾಷೆಯಲ್ಲಿ ಹಾಡಿದ್ದಾಳೆ. ರಾಗಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ ನೋಡಿ.

ಈಗ ಮಾಳಿಗೆ ಕೆಲಸ. ಇದರಲ್ಲಿ ನಾವು ತಿಂದ ಪೆಟ್ಟು ಜಾಸ್ತಿ. ಮೊದಲ ಸಲ ಬಾಡಿಗೆ ಪ್ರೊಜೆಕ್ಟರ್ ತಂದು ಪ್ಯಾರಾಪೆಟ್ ಮೇಲೆ ಇಟ್ಟೆವು. ಕಟ್ಟೆ ಇನ್ನೂ ಕಾದೇ ಇತ್ತು. ಸರಿಯಾಗಿ ಪಿಯಾನೊ ಅಂಗಡಿ ದೃಶ್ಯಕ್ಕೆ ಡಬ್ಬ ಬಿಸಿಯಾಗಿ ತಾನೇ ಆಫ್ ಆಯ್ತು. ಮರದ ಸ್ಟೂಲ್ ಮೇಲೆ ಇಡಿ, ಗಾಳಿ ಬಿಡುವ ಕಡೆ ಮುಚ್ಚಬೇಡಿ, ಎಂಟೂವರೆಗೆ ಮುಂಚೆ ಶುರು ಮಾಡಬೇಡಿ. ಎರಡನೇ ಸಲ ಬ್ಲೂಟೂತ್ ಸ್ಪೀಕರ್ ಹಾಕಿದೆವು, ಹ್ಯಾನ್ಸರ್ಡ್ ಬಾಯಿ ಮುಚ್ಚಿದ ಮೇಲೆ ದನಿ ಬರ್ತಿತ್ತು, ಥೇಟ್ ಡಬ್ಬಿಂಗ್ ಸಿನಿಮಾ. ಬರೀ ಹಾಡು ಕೇಳೋಕೆ ಬ್ಲೂಟೂತ್ ಸಾಕು, ಸಿನಿಮಾಕ್ಕೆ ವೈರ್ ಹಾಕಿ. ಸ್ಪೀಕರ್ ನಿಮ್ಮ ಪಕ್ಕ ಬೇಡ, ಪಂಚೆಯ ಹಿಂದೆ ಇಟ್ಟರೆ ದನಿ ಬಾಯಿಂದಲೇ ಬಂದ ಹಾಗಿರುತ್ತೆ. ಬೇಸ್ ಕಡಿಮೆ ಮಾಡಿ. ಇದು ಡಿಜೆ ಹಾಡಲ್ಲ, ಒಂದು ದನಿ ಒಂದು ಗಿಟಾರು, ಬೇಸ್ ಏರಿಸಿದರೆ ಮಾತೆಲ್ಲ ಮುಳುಗಿ ಹೋಗುತ್ತೆ. ಮದುವೆ ಸೀಸನ್ನಲ್ಲಿ ಪಕ್ಕದ ಓಣಿಯಲ್ಲಿ ಮೆರವಣಿಗೆ ಇದೆಯಾ ವಿಚಾರಿಸಿ, ಅದರ ಮುಂದೆ ಡೇಮಿಯನ್ ರೈಸ್ ಏನು, ಯಾರೂ ನಿಲ್ಲಲ್ಲ. ತಿನ್ನೋಕೆ ಒಗ್ಗರಣಿ ಮಿರ್ಚಿ, ಆದರೆ ಸಿನಿಮಾ ಮುಂಚೆ ಮುಗಿಸಿಬಿಡಿ. ಪೇಪರ್ ಪೊಟ್ಟಣದ ಸರಸರ ಆ ಸಣ್ಣ ಹಾಡುಗಳನ್ನು ಕೊಂದುಬಿಡುತ್ತೆ.

ಇದೆಲ್ಲ ಮನೆ ಮಟ್ಟಿಗೆ. ಕಾಲೇಜಿನ ಹಾಲಲ್ಲೋ ಸಂಘದ ಕಾರ್ಯಕ್ರಮದಲ್ಲೋ ತೋರಿಸ್ತೀವಿ ಅಂದ್ರೆ ಸಾಮಾನ್ಯವಾಗಿ ಸಿನಿಮಾ ಹಕ್ಕು ಇರುವವರ ಅನುಮತಿ ಬೇಕು, ಮನೆಯ ಒಟಿಟಿ ಖಾತೆ ಅದಕ್ಕೆ ನಡೆಯಲ್ಲ.

ನೋಡಿದ ಮಾರನೇ ದಿನ ಹಾಡನ್ನು ಚಿತ್ರ ಇಲ್ಲದೆ ಕೇಳಿ, ಆಲ್ಬಮ್ಮಲ್ಲಿ ಇರೋ ಪೂರ್ತಿ ಹಾಡು. ಸಿನಿಮಾದಲ್ಲಿ ಎಷ್ಟೋ ಸಲ ಒಂದೂವರೆ ನುಡಿ ಮಾತ್ರ ಬಳಸಿರ್ತಾರೆ. ಮೊದಲ ಸಲ ಕೇಳುವಾಗ ಆ ಮುಖಗಳೇ ಕಣ್ಣಿಗೆ ಬರುತ್ತೆ. ನಾಲ್ಕೈದು ಸಲ ಆದ ಮೇಲೆ ಮುಖ ಹೋಗಿ ಹಾಡು ಉಳಿಯುತ್ತೆ. ಕೆಲವು ಹಾಡು ಉಳಿಯಲ್ಲ, ಸಿನಿಮಾ ಇಲ್ಲದಿದ್ದರೆ ಸಪ್ಪೆ. ಅದನ್ನೂ ಒಪ್ಪಿಕೊಳ್ಳಿ, ಐರಿಶ್ ಅಂದ ಮಾತ್ರಕ್ಕೆ ಎಲ್ಲ ಚೆನ್ನಾಗಿರಲೇಬೇಕು ಅಂತೇನಿಲ್ಲ.

ಮನೆಯಲ್ಲಿ ಗಿಟಾರ್ ಇದ್ದರೆ 'ಫಾಲಿಂಗ್ ಸ್ಲೋಲಿ' ಕಲಿಯೋಕೆ ಕಷ್ಟ ಇಲ್ಲ. ನುಡಿಗೆ ಸಿ ಮತ್ತು ಎಫ್ ಕಾರ್ಡ್ ತಿರುಗಿಸ್ತಾ ಹೋಗಿ, ಎಫ್ ಪೂರ್ತಿ ಒತ್ತೋಕೆ ಬೆರಳು ಕೇಳದಿದ್ದರೆ ಕೆಳಗಿನ ಸಣ್ಣ ತಂತಿ ಖಾಲಿ ಬಿಡಿ, ಈ ಹಾಡಿಗೆ ಅದೇ ಚಂದ. ಪಲ್ಲವಿ ಹತ್ತಿರ ಬಂದಾಗ ಎ ಮೈನರ್, ಜಿ ಸೇರಿಸಿ. ಮೊದಲು ನಿಧಾನಕ್ಕೆ ಒಂದೊಂದೇ ತಂತಿ, ಪಲ್ಲವಿಗೆ ಬಂದ ಮೇಲೆ ಗಟ್ಟಿಯಾಗಿ. ಇಬ್ಬರು ಇದ್ದರೆ ಒಬ್ಬರು ಕೆಳಗಿನ ದನಿ, ಒಬ್ಬರು ಮೇಲಿನದು. ನಡುವೆ ಅವನು ಕೂಗಿ ಏರಿಸುವ ಜಾಗಕ್ಕೆ ನನ್ನ ಗಂಟಲು ಇನ್ನೂ ಹೋಗ್ತಿಲ್ಲ, ಅಲ್ಲಿ ಸುಮ್ನೆ ಗಿಟಾರ್ ಮಾತ್ರ ಬಾರಿಸ್ತೀನಿ. ಮಾಳಿಗೆ ಬಿಸಿಗೆ ತಂತಿ ಸಡಿಲ ಬಿದ್ದಿರುತ್ತೆ, ಕೂರೋಕೆ ಮುಂಚೆ ಶ್ರುತಿ ನೋಡ್ಕೊಳ್ಳಿ.